ಏಳೆಪ್ಪತ್ತು ಸಲ

ಸಿಂಧನೂರಿನ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಸಂಜೆ ಪ್ರಾರ್ಥನಾ ಕೂಟ. ಮಸ್ಕಿ, ಲಿಂಗಸುಗೂರಿನಿಂದಲೂ ಬಂಧುಗಳು ಬರುತ್ತಾರೆ. ಮಕ್ಕಳು ಬೈಬಲ್ ಓದುತ್ತಾರೆ. ಓದು ಬಾರದ ಅಜ್ಜಿಯರು ಅರ್ಥ ಹೇಳುತ್ತಾರೆ. ಇಡೀ ಬೈಬಲ್ ಕನ್ನಡದಲ್ಲಿ ಮೊದಲು ಅಚ್ಚಾದದ್ದು ನೆರೆಯ ಬಳ್ಳಾರಿಯಲ್ಲೇ, 1831ರಲ್ಲಿ.

ಒಮ್ಮೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಓದಿದೆವು. ತಪ್ಪು ಮಾಡಿದವರನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳುತ್ತಾನೆ. ಏಳೆಪ್ಪತ್ತು ಸಲ ಎನ್ನುತ್ತಾನೆ ಯೇಸು. ಹುಡುಗನೊಬ್ಬ ಲೆಕ್ಕ ಹಾಕಿ, "490! ಮಾಮಾ, ಕಾಲುವೆ ನೀರಿಗೆ ಜಗಳಾಡಿದ ಬಾಜೂ ಹೊಲದ ಕಾಕಾನ ಜೋಡಿ ನೀವು ಮಾತಾಡ್ತೀರೇನು?" ಎಂದ. ಕೂಟ ನಡೆಸುವ ನನ್ನ ಬಳಿಯೇ ಉತ್ತರವಿರಲಿಲ್ಲ.

ಮರುದಿನ ಹೋಗಿ ಅವರ ಬಾಗಿಲು ತಟ್ಟಿದೆ. "ತಪ್ಪು ನಂದೂ ಐತಿ" ಅಂದೆ. ಅವರು ಚಹಾ ತರಿಸಿದರು.

ಮುಂದಿನ ವಾರ ಹುಡುಗನಿಗೆ, "ಒಂದು ಮುಗೀತು, 489 ಉಳಿದಾವು" ಎಂದೆ. ಅಜ್ಜಿ ನಕ್ಕರು: "ಲೆಕ್ಕ ತಪ್ಪಲಿ ಅಂತನೇ ಅಷ್ಟು ದೊಡ್ಡದು ಹೇಳ್ಯಾನಪ್ಪ!"