ಹೃದಯದ ಕೊಬ್ಬು, ಪ್ರೋಟೀನಿನ ಹಣೆಬರಹ

ಗರ್ಭಿಣಿಯರಿಗೆ ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ವಿಡಿಆರ್‌ಎಲ್ ಎಂಬುದೂ ಒಂದು. ಸಿಫಿಲಿಸ್ ಸೋಂಕನ್ನು ಪತ್ತೆಹಚ್ಚುವ ಈ ಹಳೆಯ ಪರೀಕ್ಷೆಗೆ ಬಳಸುತ್ತ ಬಂದಿರುವುದು ದನದ ಹೃದಯದಿಂದ ತೆಗೆದ ಒಂದು ಕೊಬ್ಬು. ಹೆಸರು ಕಾರ್ಡಿಯೊಲಿಪಿನ್. 1942ರಲ್ಲಿ ಅದನ್ನು ಬೇರ್ಪಡಿಸಿದವರು ಅಮೆರಿಕದ ಮೇರಿ ಪ್ಯಾಂಗ್‌ಬಾರ್ನ್. ಪರೀಕ್ಷೆಗೇನೋ ಒದಗಿತು, ಹೃದಯಕ್ಕೆ ಅದರಿಂದ ಏನು ಕೆಲಸ ಎಂಬುದು ತಿಳಿಯಲು ದಶಕಗಳೇ ಹಿಡಿದವು.

ಹೃದಯದ ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುತ್ತವೆ. ತಿಂದ ಆಹಾರದ ಶಕ್ತಿ ಎಟಿಪಿ ಎಂಬ ಅಣುವಾಗಿ ಕೈಗೆ ಸಿಗುವುದು ಅಲ್ಲಿ. ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಒಳಪೊರೆ ಸೀರೆಯ ನೆರಿಗೆಯಂತೆ ಮಡಿಕೆ ಬಿದ್ದಿರುತ್ತದೆ. ಶಕ್ತಿ ತಯಾರಿಸುವ ಪ್ರೋಟೀನುಗಳು ಆ ಮಡಿಕೆಗಳಲ್ಲಿ ನಾಟಿಕೊಂಡಿರುತ್ತವೆ. ಕಾರ್ಡಿಯೊಲಿಪಿನ್ ನೆಲೆಸಿರುವುದೂ ಅಲ್ಲೇ, ಒಳಪೊರೆಯ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲಾಗಿ. ಪೊರೆಯ ಸಾಮಾನ್ಯ ಕೊಬ್ಬಿನ ಅಣುವಿಗೆ ಎರಡು ಬಾಲ, ಇದಕ್ಕೆ ನಾಲ್ಕು. ತಲೆ ಚಿಕ್ಕದು, ಬಾಲದ ಕಡೆ ಅಗಲ. ಹಾಗಾಗಿ ಪೊರೆ ಬಾಗುವ ಜಾಗದಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತದೆ. ತಲೆಯ ಎರಡು ಫಾಸ್ಫೇಟುಗಳಲ್ಲಿ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶದ ಪ್ರೋಟೀನುಗಳು ಅದಕ್ಕೆ ಸುಲಭವಾಗಿ ಅಂಟುತ್ತವೆ.

ಶಾಲೆಯ ಪಾಠದಲ್ಲಿ ಪೊರೆಯೆಂದರೆ ಬರೀ ಬೇಲಿ, ಕೆಲಸವೆಲ್ಲ ಪ್ರೋಟೀನಿನದು. ಆ ಚಿತ್ರ ಅರ್ಧ ಸತ್ಯ. ಸೈಟೊಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನಿನ ಕತೆ ನೋಡಿ. 104 ಅಮೈನೊ ಆಮ್ಲಗಳ ಸರಪಳಿ, ನಡುವೆ ಹೀಮ್, ಅದರೊಳಗೆ ಒಂದು ಕಬ್ಬಿಣದ ಪರಮಾಣು. ಒಳಪೊರೆಯ ಹೊರಮೈ ಮೇಲೆ ಓಡಾಡುತ್ತ ಎಲೆಕ್ಟ್ರಾನುಗಳನ್ನು ಒಂದು ಪ್ರೋಟೀನ್ ಸಂಕೀರ್ಣದಿಂದ ಇನ್ನೊಂದಕ್ಕೆ ದಾಟಿಸುವುದು ಇದರ ನಿತ್ಯದ ಕೆಲಸ. ಕಬ್ಬಿಣವನ್ನು ಒಂದು ಬದಿಯಿಂದ ಹಿಸ್ಟಿಡೀನ್, ಇನ್ನೊಂದು ಬದಿಯಿಂದ ಮೆಥಿಯೊನೀನ್ ಎಂಬ ಅಮೈನೊ ಆಮ್ಲಗಳು ಹಿಡಿದುಕೊಂಡಿರುತ್ತವೆ. ಈ ಹಿಡಿತ ಇರುವಷ್ಟು ಹೊತ್ತು ಹೈಡ್ರೋಜನ್ ಪೆರಾಕ್ಸೈಡಿಗೆ ಕಬ್ಬಿಣದ ಬಳಿ ಸುಳಿಯಲು ದಾರಿಯಿಲ್ಲ.

ಕೋಶ ಸಂಕಟಕ್ಕೆ ಸಿಕ್ಕಾಗ ಕಾರ್ಡಿಯೊಲಿಪಿನ್ ಈ ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆ. ಪ್ರೋಟೀನಿನ ಮಡಿಕೆ ಸಡಿಲವಾಗಿ ಮೆಥಿಯೊನೀನಿನ ಹಿಡಿತ ತಪ್ಪುತ್ತದೆ, ಪೆರಾಕ್ಸೈಡಿಗೆ ಕಬ್ಬಿಣದ ಬಳಿ ದಾರಿ ತೆರೆಯುತ್ತದೆ. ಎಲೆಕ್ಟ್ರಾನ್ ಹೊರುತ್ತಿದ್ದ ಪ್ರೋಟೀನು ಈಗ ಕಿಣ್ವ. ಅದು ಆಕ್ಸಿಡೀಕರಿಸುವುದು ಬೇರೆ ಯಾವುದನ್ನೋ ಅಲ್ಲ, ತನ್ನನ್ನು ಬದಲಿಸಿದ ಆ ಕಾರ್ಡಿಯೊಲಿಪಿನ್ನನ್ನೇ! ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಲೇರಿಯನ್ ಕಾಗನ್ ತಂಡ ಇದನ್ನು 2005ರಲ್ಲಿ ತೋರಿಸಿತು. ಕೊಬ್ಬು ಕೆಟ್ಟರೆ ಸೈಟೊಕ್ರೋಮ್ ಸಿ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ. ಹೊರಪೊರೆ ತೂತಾದಾಗ ಸೈಟೊಕ್ರೋಮ್ ಸಿ ಆಚೆ ಬಂದು ಕೋಶದ ಸಾವಿಗೆ ಚಾಲನೆ ಕೊಡುತ್ತದೆ. ಹಾಳಾದ ಕೋಶ ಶಿಸ್ತಿನಿಂದ ಸಾಯುವುದು ದೇಹಕ್ಕೆ ಬೇಕಾದದ್ದೇ, ಆದರೆ ಹೃದಯದಲ್ಲಿ ಹೀಗೆ ಸಿಕ್ಕಾಪಟ್ಟೆ ಕೋಶಗಳು ಸತ್ತರೆ ಕಷ್ಟ.

ಎಟಿಪಿಯನ್ನು ಹೊರಗೆ ಸಾಗಿಸುವ ಪ್ರೋಟೀನಿಗೂ ಕಾರ್ಡಿಯೊಲಿಪಿನ್ ಅಂಟಿಕೊಂಡಿರಬೇಕು. ಎಲೆಕ್ಟ್ರಾನುಗಳನ್ನು ಸಾಗಿಸುವ ಪ್ರೋಟೀನ್ ಸಂಕೀರ್ಣಗಳು ಒಂದಕ್ಕೊಂದು ಜೋಡಿಕೊಂಡು ನಿಲ್ಲಲು ಅದರ ನೆರವು ಬೇಕೆಂಬುದು ಯೀಸ್ಟ್ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಈ ಕೊಬ್ಬು ಕೈಕೊಟ್ಟರೆ ಏನಾಗುತ್ತದೆಂದು ಬಾರ್ತ್ ಸಿಂಡ್ರೋಮ್ ತೋರಿಸುತ್ತದೆ. 1983ರಲ್ಲಿ ಡಚ್ ವೈದ್ಯ ಪೀಟರ್ ಬಾರ್ತ್ ವಿವರಿಸಿದ ಅಪರೂಪದ ಕಾಯಿಲೆ ಇದು. ದೋಷ ಎಕ್ಸ್ ಕ್ರೋಮೊಸೋಮಿನಲ್ಲಿರುವುದರಿಂದ ಬಾಧೆ ಬಹುತೇಕ ಗಂಡುಮಕ್ಕಳಿಗೆ: ಹೃದಯ ಸೊರಗುತ್ತದೆ, ಸ್ನಾಯುಗಳಿಗೆ ಬಲವಿರುವುದಿಲ್ಲ, ಸೋಂಕು ಬೇಗ ತಗಲುತ್ತದೆ. 1996ರಲ್ಲಿ ಪತ್ತೆಯಾದ ಇದರ ಜೀನಿಗೆ ಇಟಲಿಯ ವಿಜ್ಞಾನಿಗಳು ಅಲ್ಲಿನ ಟಿವಿಯ ಹಾಸ್ಯಪಾತ್ರ ತಫಾತ್ಸಿಯ ಹೆಸರಿಟ್ಟರು. ತನಗೆ ತಾನೇ ಹೊಡೆದುಕೊಳ್ಳುವ ಪಾತ್ರ ಅದು. ಇಂಥ ಕಾಯಿಲೆಗೆ ಈ ತಮಾಷೆ ಬೇಕಿತ್ತೇ ಅನಿಸುತ್ತದೆ. ಆ ಜೀನಿನಿಂದ ತಯಾರಾಗುವ ತಫಾಜಿನ್ ಎಂಬ ಕಿಣ್ವದ ಕೆಲಸ ಕಾರ್ಡಿಯೊಲಿಪಿನ್ನಿಗೆ ಸರಿಯಾದ ಬಾಲಗಳನ್ನು ಜೋಡಿಸುವುದು. ಹೃದಯದಲ್ಲಿ ಆ ಬಾಲಗಳು ಹೆಚ್ಚಾಗಿ ಲಿನೊಲಿಯಿಕ್ ಆಮ್ಲದವು, ನಮ್ಮ ಕುಸುಬೆ ಎಣ್ಣೆಯಲ್ಲಿ ಹೇರಳವಾಗಿರುವಂಥವು. ಹಾಗೆಂದು ಎಣ್ಣೆ ಕುಡಿದರೆ ವಾಸಿಯಾಗುವ ಕಾಯಿಲೆಯಲ್ಲ. ಕೆಟ್ಟಿರುವುದು ಜೋಡಿಸುವ ಕೈ. ಆಗ ನಾಲ್ಕರ ಬದಲು ಮೂರೇ ಬಾಲದ ಅಣುಗಳು ರಾಶಿ ಬೀಳುತ್ತವೆ. ರಕ್ತದಲ್ಲಿ ಮೂರು ಬಾಲದ ಮತ್ತು ನಾಲ್ಕು ಬಾಲದ ಅಣುಗಳ ಪ್ರಮಾಣ ಹೋಲಿಸಿ ರೋಗ ಗುರುತಿಸಬಹುದು.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆ ಎಲಾಮಿಪ್ರೆಟೈಡ್ ಎಂಬ ಚುಚ್ಚುಮದ್ದನ್ನು ಒಪ್ಪಿತು. ರೋಗಿಗಳ ಮೊಣಕಾಲಿನ ಸ್ನಾಯುಬಲ ಸುಧಾರಿಸಿದ್ದನ್ನು ನೋಡಿ ಕೊಟ್ಟ ಶೀಘ್ರ ಅನುಮೋದನೆ ಅದು. ನಿಜವಾದ ಪ್ರಯೋಜನವನ್ನು ಕಂಪನಿ ಇನ್ನೂ ಸಾಬೀತುಪಡಿಸಬೇಕು. ಈ ಔಷಧ ಹೋಗಿ ಅಂಟುವುದು ಒಳಪೊರೆಯ ಕಾರ್ಡಿಯೊಲಿಪಿನ್ನಿಗೆ.