ಮಗುವಿನ ಕಾಲು ಸೋತಾಗ ಕಾಲಹರಣ ಸಲ್ಲದು

ಭೇದಿಯೋ ನೆಗಡಿ-ಜ್ವರವೋ ವಾಸಿಯಾಗಿ ಒಂದೆರಡು ವಾರಗಳಲ್ಲಿ ಮಗು ಕಾಲುನೋವೆಂದು ಅಳತೊಡಗುತ್ತದೆ, ಮೆಟ್ಟಿಲೇರಲಾರದೆ ತಡವರಿಸುತ್ತದೆ. ಇದನ್ನು ಬರಿಯ ವಾತವೆಂದು ಬಗೆದು, ಎಣ್ಣೆ ತಿಕ್ಕುತ್ತ ದಿನ ಕಳೆಯುವ ತಾಯಿ-ತಂದೆಯರನ್ನು ನಾವು ಕಂಡಿದ್ದೇವೆ. ಆದರೆ ಇದು ಗಿಯಾನ್-ಬಾರೆ ಸಿಂಡ್ರೋಮ್ (ಜಿ.ಬಿ.ಎಸ್.) ಎಂಬ ನರಗಳ ಉರಿಯೂತವಿರಬಹುದು. ಸೋಂಕನ್ನೆದುರಿಸಲು ಎದ್ದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ನರಗಳನ್ನು ಘಾಸಿಗೊಳಿಸುವುದರಿಂದ ಈ ವ್ಯಾಧಿ ಬರುತ್ತದೆ. 2025ರ ಆರಂಭದಲ್ಲಿ ಪುಣೆಯಲ್ಲಿ ಇದು ಹಲವರನ್ನು ಬಾಧಿಸಿದಾಗ ಕಲುಷಿತ ನೀರಿನತ್ತ ಬೆರಳು ತೋರಿಸಲಾಯಿತು.

ನಿಶ್ಶಕ್ತಿಯು ಸಾಮಾನ್ಯವಾಗಿ ಪಾದದಿಂದ ಮೇಲೇರುತ್ತದೆ. ಮೊಣಕಾಲಿನ ಕೆಳಗೆ ತಟ್ಟಿದಾಗ ಕಾಲು ಪುಟಿಯದಿರುವುದು ಮುಖ್ಯ ಸುಳಿವು. ಬೆನ್ನುಹುರಿಯ ದ್ರವದಲ್ಲಿ ಜೀವಕೋಶಗಳು ಹೆಚ್ಚದೆ ಪ್ರೋಟೀನು ಮಾತ್ರ ಏರಿರುವುದೂ ನರವಹನ ಪರೀಕ್ಷೆಯೂ ನಿದಾನಕ್ಕೆ ಆಧಾರ. ಮೊದಲ ವಾರದಲ್ಲಿ ಇವು ಸಹಜವಾಗಿಯೇ ತೋರಬಹುದು. 15 ವರ್ಷದೊಳಗಿನವರಲ್ಲಿ ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಮಲದ 2 ಮಾದರಿಗಳನ್ನೂ ಪರೀಕ್ಷಿಸುತ್ತಾರೆ.

ನುಂಗಲು ಕಷ್ಟವಾದರೆ, ಧ್ವನಿ ಕ್ಷೀಣಿಸಿದರೆ, ಉಸಿರು ಕಟ್ಟಿದರೆ ಕ್ಷಣವೂ ತಡಮಾಡದೆ ವೆಂಟಿಲೇಟರ್ ಸೌಲಭ್ಯವುಳ್ಳ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಇಮ್ಯುನೊಗ್ಲಾಬ್ಯುಲಿನನ್ನು ದೇಹತೂಕದ ಪ್ರತಿ ಕಿಲೋಗೆ ಒಟ್ಟು 2 ಗ್ರಾಂನಂತೆ 2ರಿಂದ 5 ದಿನಗಳಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ. ಇಲ್ಲವೆ ಪ್ಲಾಸ್ಮಾ ಬದಲಿಸುತ್ತಾರೆ. ಸ್ಟೀರಾಯ್ಡ್‌ನಿಂದ ಇಲ್ಲಿ ಪ್ರಯೋಜನವಿಲ್ಲ.

ಆಯುರ್ವೇದದವರಾದ ನಾವೇ ಹೇಳುತ್ತೇವೆ: ತೀವ್ರಾವಸ್ಥೆಯಲ್ಲಿ ಅಭ್ಯಂಗ, ಸ್ವೇದನಗಳು ಬೇಡ. ಚೇತರಿಕೆ ಮೊದಲಾದ ಮೇಲೆ ಫಿಸಿಯೋಥೆರಪಿಯೊಡನೆ, ಚಿಕಿತ್ಸಕರ ಒಪ್ಪಿಗೆ ಪಡೆದು, ಮೃದುವಾದ ಅಭ್ಯಂಗ ಮಾಡಬಹುದು. ಸುಲಭವಾಗಿ ಜೀರ್ಣವಾಗುವ ಆಹಾರ ಕೊಡಬೇಕು. ಬಹುಪಾಲು ಮಕ್ಕಳು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ನಡೆಯುತ್ತಾರೆ. ಕುದಿಸಿ ಆರಿಸಿದ ನೀರು ಮತ್ತು ಶುಚಿಯಾದ ಕೈಗಳಿಂದ ಸೋಂಕನ್ನು ದೂರವಿಡುವುದು ಮನೆಮನೆಯ ನಿತ್ಯ ಕಾಯಕವಾಗಲಿ.