ಶಿಶು ಶಿಕ್ಷಣ: ಮನೆಯಿಂದಲೇ ಸ್ನಾತಕೋತ್ತರ ಓದು

ಪದವಿ ಮುಗಿಸಿದವರು ಶಿಶು ಶಿಕ್ಷಣದ ಸ್ನಾತಕೋತ್ತರ ಓದನ್ನು ಆನ್‌ಲೈನ್ ಮೂಲಕ ಮಾಡಬಹುದೇ? ಪಾಠದ ಭಾಗವನ್ನು ಖಂಡಿತ ಮಾಡಬಹುದು. ಮಗುವಿನ ಬೆಳವಣಿಗೆ, ಭಾಷಾ ಕಲಿಕೆ, ಸಂಶೋಧನಾ ವಿಧಾನ ಇವೆಲ್ಲ ಪರದೆಯ ಮೇಲೂ ಕಲಿಯಬಹುದಾದ ವಿಷಯಗಳೇ. ಆದರೆ ಮೂರು ವರ್ಷದ ಮಗು ಮರಳಿನಲ್ಲಿ ಆಡುತ್ತ ಏನನ್ನು ಕಲಿಯುತ್ತಿದೆ, ಅಳುತ್ತ ಏನನ್ನು ಹೇಳುತ್ತಿದೆ ಎಂದು ಅರಿಯಲು ಅದರ ಪಕ್ಕದಲ್ಲೇ ಕೂರಬೇಕು.

ಇದಕ್ಕೆ ಅಂಗನವಾಡಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅದನ್ನು ಹಳ್ಳಿಹಳ್ಳಿಗೆ ತಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಬುನಾದಿ ಹಂತವೆಂದು ಕರೆದಿದೆ.

ವಿದ್ಯಾರ್ಥಿಗಳೇ, ಸೇರುವ ಮುನ್ನ ಎರಡು ಪ್ರಶ್ನೆ ಕೇಳಿ. ಈ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ? ಮಕ್ಕಳೊಡನೆ ಎಷ್ಟು ದಿನ ಕೆಲಸ ಮಾಡಿಸುತ್ತಾರೆ? ಎರಡನೆಯದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ, ಅಲ್ಲಿ ಪದವಿಪತ್ರ ಸಿಕ್ಕೀತು, ಮಗುವಿನ ಮನಸ್ಸು ಸಿಕ್ಕದು.